ಕೊಯ್ಲಾದ ಗದ್ದೆಯಲ್ಲಿ ಒಂದಿರುಳ ಊರು

ದೀಪಾವಳಿ ಕಳೆದು ಗದ್ದೆ ಬರಿದಾದರೆ ಸಾಲಿಗ್ರಾಮ ಯಕ್ಷಗಾನ ಮೇಳದ ಲಾರಿ ಹೊರಡುತ್ತದೆ. ಆರು ತಿಂಗಳು ದಿನಕ್ಕೊಂದು ಊರು, ರಾತ್ರಿಗೊಂದು ಆಟ. ಮಳೆ ಹಿಡಿದರೆ ಮನೆ. ಬೇಸಾಯದ ಬೆನ್ನಿಗೇ ಸಾಗುವ ಈ ತಿರುಗಾಟದಲ್ಲಿ ಕಿರೀಟ ಕಟ್ಟಿದವರಷ್ಟೇ ಗೂಟ ಹೊಡೆದವರೂ ಮುಖ್ಯರು.

ಮಂಗಳ ಹಾಡಿ ಇನ್ನೂ ಕಾಲು ಗಂಟೆ ಆಗಿಲ್ಲ. ಗದ್ದೆಯಂಚಿನ ಅಡಿಕೆ ತೋಟದ ಮೇಲೆ ಇಬ್ಬನಿ ಹಾಗೇ ಕೂತಿದೆ. ರಾತ್ರಿಯೆಲ್ಲ ಕೌರವನಾಗಿ ಅಬ್ಬರಿಸಿದವರು ವೇಷ ಕಟ್ಟುವ ಚೌಕಿಯ ಮೂಲೆಯಲ್ಲಿ ಚಾಪೆ ಮೇಲೆ ಕೂತು, ಅಂಗೈಗೆ ತೆಂಗಿನೆಣ್ಣೆ ಸುರಿದುಕೊಂಡು ಮುಖದ ಬಣ್ಣ ತೆಗೆಯುತ್ತಿದ್ದಾರೆ. ಪಕ್ಕದಲ್ಲಿ ಒಬ್ಬರು ಕಿರೀಟ ಒರೆಸುತ್ತಾರೆ. ಇನ್ನೊಬ್ಬರು ಭುಜಕೀರ್ತಿ, ಎದೆಕಟ್ಟು, ಡಾಬುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಳಿಸುತ್ತಾರೆ.

ಹೊರಗೆ ಹಗ್ಗ ಸಡಿಲಿಸಿದ ಸದ್ದು. ಡೇರೆಯ ಒಂದು ಮಗ್ಗುಲು ಉಸಿರು ಬಿಟ್ಟು ಕುಸಿಯಿತು. ಕುರ್ಚಿಗಳು ಒಂದರೊಳಗೊಂದು ಸೇರಿ ಲಾರಿ ಹತ್ತಿದವು. ಜನರೇಟರ್ ನಿಂತಿತು. ಬಿಸಿಲು ಗದ್ದೆಗಿಳಿಯುವ ಹೊತ್ತಿಗೆ ಅಲ್ಲಿ ಉಳಿದದ್ದು ಗೂಟ ಕಿತ್ತ ಕುಳಿ, ಶೇಂಗಾ ಸಿಪ್ಪೆ, ಸಾವಿರ ಕಾಲು ತುಳಿದು ಮಲಗಿದ ಭತ್ತದ ಕೂಳೆ.

ಮೇಳದ ಬಸ್ಸಿನಲ್ಲಿ ಆಗಲೇ ನಾಲ್ಕು ಮಂದಿ ನಿದ್ದೆಹೋಗಿದ್ದಾರೆ. ಸಂಜೆಗೆ ಇನ್ನೊಂದು ಊರು, ಇನ್ನೊಂದು ಗದ್ದೆ.

ಕುಂದಾಪುರ ಕಡೆಯವರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಹುಟ್ಟಿದಾಗಿನಿಂದ ನೋಡಿದ್ದು. ಆದರೆ ಸ್ವಲ್ಪ ನಿಂತು ಯೋಚಿಸಿದರೆ ಬೆರಗಾಗುತ್ತದೆ: ಕಲಾವಿದರು, ಹಿಮ್ಮೇಳ, ಡೇರೆಯವರು, ಅಡಿಗೆಯವರು, ಚಾಲಕರು ಎಲ್ಲ ಸೇರಿ ಐವತ್ತಕ್ಕೂ ಮಿಕ್ಕ ಜನರ ಊರೊಂದು ಪ್ರತಿ ಸಂಜೆ ಎದ್ದು ನಿಂತು, ಪ್ರತಿ ಬೆಳಗ್ಗೆ ಮಡಚಿಕೊಂಡು ಹೊರಡುತ್ತದೆ. ಒಂದು ರಾತ್ರಿಯಲ್ಲ, ಎರಡು ರಾತ್ರಿಯಲ್ಲ, ನವೆಂಬರ್‌ನಿಂದ ಮೇ ತನಕ.

ಆಸ್ಟ್ರೇಲಿಯಾದಲ್ಲಿ ಹಣ್ಣಿನ ಕೊಯ್ಲಿನ ಹಿಂದೆ ಕ್ಯಾರವಾನ್ ಎಳೆದುಕೊಂಡು ತೋಟದಿಂದ ತೋಟಕ್ಕೆ ಹೋಗಿ ದುಡಿಯುವವರ ಕತೆಗಳನ್ನು ನಾವು ಆಸಕ್ತಿಯಿಂದ ಓದುತ್ತೇವೆ. ಹಂಗಾಮು ನೋಡಿ ಗಾಡಿ ಹತ್ತುವ, ಹಂಗಾಮು ಮುಗಿದರೆ ಮನೆ ಸೇರುವ ಅದೇ ಬದುಕು ನಮ್ಮ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲೇ, ಕೋಟಕ್ಕೂ ಬ್ರಹ್ಮಾವರಕ್ಕೂ ನಡುವಿನ ಸಾಲಿಗ್ರಾಮದ ಹೆಸರಿನಲ್ಲೇ ಇದೆ. ಅವರು ಹಣ್ಣು ಕೀಳುತ್ತಾರೆ, ಇವರು ಬೆಳಗಿನ ತನಕ ಕುಣಿಯುತ್ತಾರೆ.

ಗದ್ದೆ ಬಿಟ್ಟರೆ ಆಟ

ಮೇಳದ ತಿರುಗಾಟವನ್ನು ನಿಶ್ಚಯಿಸಿದ್ದು ಮಳೆ ಮತ್ತು ಭತ್ತ.

ಉಡುಪಿ ಜಿಲ್ಲೆಗೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ಆ ನಾಲ್ಕು ತಿಂಗಳು ಬಯಲಲ್ಲಿ ಚಂಡೆ ಬಾರಿಸುವ ಮಾತೇ ಇಲ್ಲ. ಗದ್ದೆಯ ತುಂಬ ನೀರು, ನೀರಿನ ತುಂಬ ನೇಜಿ. ನೋಡುವವರಿಗೂ ಪುರುಸೊತ್ತಿಲ್ಲ, ಆಡುವವರಿಗೂ ಇಲ್ಲ; ಏಕೆಂದರೆ ಆಡುವವರಲ್ಲಿ ಬಹಳ ಮಂದಿ ಅದೇ ಗದ್ದೆಯವರು.

ಕಾರ್ತಿ ಬೆಳೆ ಕೊಯ್ದು ಒಕ್ಕಿ ಭತ್ತ ಮನೆ ಸೇರಿದಾಗ ಎಲ್ಲವೂ ಒಟ್ಟಿಗೆ ಕೂಡಿಬರುತ್ತವೆ. ಮಕ್ಕಿಗದ್ದೆ ಒಣಗಿ ಗಟ್ಟಿಯಾಗುತ್ತದೆ, ಗೂಟ ನಿಲ್ಲುತ್ತದೆ. ಕೂರುವುದಕ್ಕೆ ಬೈಹುಲ್ಲಿದೆ. ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ. ರಾತ್ರಿ ನಿದ್ದೆಗೆಟ್ಟರೂ ಮರುದಿನ ನಟ್ಟಿಗೆ ಓಡಬೇಕೆಂಬ ಅವಸರವಿಲ್ಲ. ಘಟ್ಟದ ಮೇಲೂ ಹಾಗೆಯೇ. ತೀರ್ಥಹಳ್ಳಿ, ಹೊಸನಗರ, ಸಾಗರ, ಸಿದ್ದಾಪುರ, ಶಿರಸಿಗಳಲ್ಲಿ ಅಡಿಕೆ ಕೊನೆ ಇಳಿಸಿ, ಸುಲಿದು, ಬೇಯಿಸಿ, ಒಣಗಿಸಿ ಮಾರುವ ತನಕ ಯಾರ ಮನಸ್ಸೂ ಆಟದ ಕಡೆಗಿರುವುದಿಲ್ಲ. ಅದು ಮುಗಿದರೆ ‘ಈ ವರ್ಷ ಯಾವ ಮೇಳ ಕರೆಸೋದು’ ಎಂಬ ಮಾತು ಎಲ್ಲ ಜಗಲಿಯಲ್ಲೂ ಹುಟ್ಟುತ್ತದೆ.

ಮೇ ತಿಂಗಳ ಕೊನೆಯ ವಾರದಲ್ಲಿ ಹತ್ತನಾವಧಿ ಬರುತ್ತದೆ. ತುಳುವರು ಅದನ್ನು ಪತ್ತನಾಜೆ ಎನ್ನುತ್ತಾರೆ. ಅಂದಿಗೆ ಕೋಲ, ಕಂಬಳ, ಜಾತ್ರೆಗಳ ಗಡುವು ಮುಗಿದಂತೆ. ಮೇಳಗಳೂ ಗೆಜ್ಜೆ ಬಿಚ್ಚುತ್ತವೆ. ಒಂದೆರಡು ವಾರದಲ್ಲಿ ಮುಂಗಾರು ಇಳಿದರೆ, ನಿನ್ನೆ ಅರ್ಜುನನಾಗಿದ್ದವರು ಕಂಬಳಿಕೊಪ್ಪೆ ಹೊದ್ದು ಅಂಚು ಕಡಿಯುತ್ತಿರುತ್ತಾರೆ.

> ತಿರುಗಾಟದ ಪಂಚಾಂಗ
>
> ನವೆಂಬರ್–ಡಿಸೆಂಬರ್: ಸೇವೆ ಆಟ, ಗೆಜ್ಜೆ ಕಟ್ಟಿ ತಿರುಗಾಟ ಆರಂಭ.
>
> ಮೇ ಕೊನೆ: ಹತ್ತನಾವಧಿ, ಗೆಜ್ಜೆ ಬಿಚ್ಚುವುದು.
>
> ಮಳೆಗಾಲ: ತಾಳಮದ್ದಲೆ, ಬೆಂಗಳೂರು–ಮುಂಬಯಿ ಸಭಾಂಗಣಗಳ ಆಟ, ಊರಲ್ಲಿ ಬೇಸಾಯ.
>
> ನವರಾತ್ರಿ: ಹೂವಿನಕೋಲು. ಭಾಗವತರು, ಮದ್ದಲೆಗಾರರ ಜೊತೆ ಹುಡುಗರು ಮನೆ ಮನೆಗೆ ಹೋಗಿ ಹೂವು ಕಟ್ಟಿದ ಕೋಲು ಹಿಡಿದು ಪ್ರಸಂಗದ ತುಣುಕು ಹೇಳುವುದು. ಎಷ್ಟೋ ವೇಷಧಾರಿಗಳ ಮೊದಲ ಮಾತುಗಾರಿಕೆ ಇಲ್ಲಿಯದು.

ಹೊಳೆ ದಾಟಿ, ಘಟ್ಟ ಹತ್ತಿ

ಲಾರಿ, ಬಸ್ಸು ಬರುವ ಮೊದಲು ಮೇಳ ನಡೆದೇ ಹೋಗುತ್ತಿತ್ತು. ಕಿರೀಟ, ಆಭರಣಗಳ ಪೆಟ್ಟಿಗೆಗಳು ಆಳುಗಳ ತಲೆಯ ಮೇಲೆ. ಭಾಗವತರು, ವೇಷಧಾರಿಗಳು ಗದ್ದೆಯಂಚಿನಲ್ಲಿ ಸಾಲಾಗಿ. ಸೀತಾ, ವಾರಾಹಿ, ಚಕ್ರಾ, ಸೌಪರ್ಣಿಕಾ ಹೊಳೆಗಳಿಗೆ ಸೇತುವೆ ಇಲ್ಲದ ಕಾಲ. ಕಡವಿಗೆ ಬಂದು ದೋಣಿ ಕಾಯಬೇಕು. ಘಟ್ಟದ ಮೇಲಿನ ಆಟವೆಂದರೆ ಆಗುಂಬೆ, ಹುಲಿಕಲ್, ಕೊಲ್ಲೂರಿನ ದಾರಿಗಳನ್ನು ಕಾಲಲ್ಲೇ ಹತ್ತುವುದು. ರಾತ್ರಿ ಕುಣಿದ ಕಾಲು, ಹಗಲು ನಡೆದ ಕಾಲು ಒಂದೇ.

ಮದ್ದಲೆಯ ಮಾಂತ್ರಿಕ ಹಿರಿಯಡಕ ಗೋಪಾಲ ರಾವ್ ನೂರು ವರ್ಷ ಬದುಕಿ 2020ರಲ್ಲಿ ತೀರಿಕೊಂಡರು. ಅವರ ಒಂದು ಆಯುಷ್ಯದೊಳಗೆ ಈ ಇಡೀ ದಾರಿ ಬದಲಾಯಿತು. ದೊಂದಿಯ ಬೆಳಕು ಹೋಗಿ ಗ್ಯಾಸ್‌ಲೈಟ್ ಬಂತು, ಅದು ಹೋಗಿ ಜನರೇಟರ್ ಬಂತು. ನಡಿಗೆ ಹೋಗಿ ಲಾರಿ ಬಂತು. ಅಮೆರಿಕದಿಂದ ಬಂದ ಮಾರ್ತಾ ಆಷ್ಟನ್, ಗೋಪಾಲ ರಾಯರಿಂದಲೇ ಬಡಗುತಿಟ್ಟಿನ, ಅಂದರೆ ಬಡಗಣ ಶೈಲಿಯ ಯಕ್ಷಗಾನ ಕಲಿತು, ಮುಂದೆ ಆ ಬಗ್ಗೆ ಪುಸ್ತಕವನ್ನೂ ಬರೆದರು.

ಬಯಲಿನ ಮೇಳಗಳದು ದೇವರ ಹೆಸರಿನ ತಿರುಗಾಟ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸೌಕೂರು, ಹೀಗೆ. ಯಾರೋ ಹರಕೆ ಹೊತ್ತಿರುತ್ತಾರೆ, ಅವರ ಮನೆಯಂಗಳದಲ್ಲೋ ಗದ್ದೆಯಲ್ಲೋ ಆಟ, ನೋಡಲು ದುಡ್ಡಿಲ್ಲ. ಮಂದಾರ್ತಿಯ ಐದು ಮೇಳಗಳಿದ್ದೂ ಹರಕೆಯವರು ವರ್ಷಗಟ್ಟಲೆ ಕಾಯುತ್ತಾರೆ.

ಸ್ವಾತಂತ್ರ್ಯ ಬಂದ ನಂತರದ ದಶಕಗಳಲ್ಲಿ ಇನ್ನೊಂದು ಬಗೆ ಬೆಳೆಯಿತು: ಡೇರೆ ಮೇಳ. ಸುತ್ತ ಬಟ್ಟೆ ಕಟ್ಟಿ, ಗೇಟಿನಲ್ಲಿ ಟಿಕೆಟು ಹರಿದು, ನೆಲ, ಕುರ್ಚಿ, ಆರಾಮ ಕುರ್ಚಿ ಎಂದು ದರ ಬೇರೆ ಬೇರೆ ಮಾಡಿ ಆಡುವ ಆಟ. ಸಾಲಿಗ್ರಾಮ ಮೇಳ ಈ ಜಾತಿಯದು. ಶ್ರೀ ಗುರುಪ್ರಸಾದಿತ ಯಕ್ಷಗಾನ ಮಂಡಳಿ ಎಂಬುದು ಅದರ ಪೂರ್ಣ ಹೆಸರು. ಗುರು ಎಂದರೆ ಸಾಲಿಗ್ರಾಮದ ಗುರುನರಸಿಂಹ. ಪಳ್ಳಿ ಸೋಮನಾಥ ಹೆಗ್ಡೆಯವರು ಕಟ್ಟಿ ಬೆಳೆಸಿದ ಮೇಳವನ್ನು ಅವರ ನಂತರ ಪಳ್ಳಿ ಕಿಶನ್ ಹೆಗ್ಡೆಯವರು ನಡೆಸಿದರು. ಬಡಗುತಿಟ್ಟಿನಲ್ಲಿ ಹೆಸರು ಮಾಡಿ, ಬಹುಕಾಲ ಪೈಪೋಟಿಯಲ್ಲಿ ಉಳಿದು ಬಂದ ಡೇರೆ ಮೇಳಗಳೆಂದರೆ ಸಾಲಿಗ್ರಾಮ ಮತ್ತು ಪೆರ್ಡೂರು.

ಕನ್ನಡ ನಾಟಕ ಕಂಪನಿಗಳೂ ಊರೂರು ತಿರುಗಿದವಲ್ಲವೇ ಎನ್ನಬಹುದು. ಹೌದು, 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥವು ನಾಡೆಲ್ಲ ಸುತ್ತಿದವು. ಆದರೆ ಕಂಪನಿ ಒಂದು ಪೇಟೆಗೆ ಬಂದರೆ ವಾರಗಟ್ಟಲೆ, ತಿಂಗಳುಗಟ್ಟಲೆ ಕ್ಯಾಂಪು. ಮೇಳಕ್ಕೆ ಆ ಐಷಾರಾಮವಿಲ್ಲ. ಪೇಟೆಯೂ ಅದರ ಗುರಿಯಲ್ಲ. ಬಸ್ಸು ದಿನಕ್ಕೆರಡೇ ಸಲ ಬರುವ ಮೂಲೆಯ ಊರಿಗೂ ಅದು ಪೂರಾ ಡೇರೆ, ಪೂರಾ ಹಿಮ್ಮೇಳ, ಪೂರಾ ವೇಷಗಳೊಡನೆ ಹೋಗುತ್ತದೆ. ಶರಾವತಿ ಹಿನ್ನೀರಿನಾಚೆಯ ತುಮರಿ ಸೀಮೆಗೆ 2025ರ ಜುಲೈಯಲ್ಲಿ ಸೇತುವೆ ತೆರೆಯುವ ತನಕ ಸಾಗರದಿಂದ ನೇರ ಹೋಗುವವರು ಲಾಂಚಿಗೆ ಕಾಯಲೇಬೇಕಿತ್ತು. ಅಂಥ ಊರುಗಳಲ್ಲಿ ಯಕ್ಷಗಾನದ ಹುಚ್ಚು ಪೇಟೆಗಿಂತ ಹೆಚ್ಚೇ.

ಚೌಕಿಯ ಹಗಲು

ಆಟದ ರಾತ್ರಿಯ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲೇ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಬಂತು. ಕೋಟದಲ್ಲಿ ಹುಟ್ಟಿದ, ಕೊನೆಗಾಲಕ್ಕೆ ಸಾಲಿಗ್ರಾಮದಲ್ಲೇ ನೆಲೆಸಿದ ಅವರಿಗೆ ಈ ಲೋಕ ಮನೆಯಂಗಳ. ಆದರೆ ಮೇಳದ ಹಗಲಿನ ಬಗ್ಗೆ ನಾವು ಬರೆದದ್ದು ಕಡಿಮೆ. ನನಗೆ ಅದರಲ್ಲೇ ಹೆಚ್ಚು ಆಸಕ್ತಿ.

ಲಾರಿ ಮೊದಲು ತಲುಪಬೇಕು. ಡೇರೆಯವರಿಗೆ ನಿದ್ದೆ ಸಿಗುವುದು ದಾರಿಯಲ್ಲಿ, ಸಾಮಾನಿನ ಮೇಲೆ. ಜಾಗ ನೋಡುವುದೇ ಒಂದು ವಿದ್ಯೆ. ಗದ್ದೆಯ ಯಾವ ಮೂಲೆ ತಗ್ಗು, ಗಾಳಿ ಯಾವ ಕಡೆಯಿಂದ, ರಂಗಸ್ಥಳ ಯಾವ ದಿಕ್ಕಿಗೆ, ಚೌಕಿಯಿಂದ ರಂಗಸ್ಥಳಕ್ಕೆ ಎಷ್ಟು ದೂರ. ಮೊದಲ ಗೂಟ ಎಲ್ಲಿ ಎಂದು ಹಿರಿಯ ಕೆಲಸದವನು ಹೇಳುತ್ತಾನೆ. ಆಮೇಲೆ ಮಾತಿಲ್ಲ, ಸುತ್ತಿಗೆಯ ಸದ್ದು ಮಾತ್ರ. ಉದ್ದು, ಶೇಂಗಾ ಹಾಕಿದ ಗದ್ದೆ ಪಕ್ಕದಲ್ಲಿದ್ದರೆ ಹಗ್ಗ ಅತ್ತ ಹೋಗದಂತೆ ನೋಡಬೇಕು. ಮರುದಿನ ಬೈಗುಳ ತಿನ್ನಬೇಕಾದವರು ಆಟ ಆಡಿಸಿದವರು.

ಕಲಾವಿದರು ಬಂದವರೇ ಮಲಗುವ ಜಾಗ ಹುಡುಕುತ್ತಾರೆ. ಶಾಲೆಯ ಜಗಲಿ, ದೇವಸ್ಥಾನದ ಚಂದ್ರಶಾಲೆ, ಯಾರದೋ ಮನೆಯ ಮೆತ್ತು, ಏನೂ ಇಲ್ಲದಿದ್ದರೆ ಮಾವಿನ ಮರದಡಿ. ಹಗಲಿನ ನಿದ್ದೆ ಅದು. ನೊಣ, ಸೆಕೆ, ಪ್ರಚಾರದ ಜೀಪಿನ ಮೈಕು ಎಲ್ಲದರ ನಡುವೆ. ಎದ್ದು ಹೊಳೆಯಲ್ಲೋ ಕೆರೆಯಲ್ಲೋ ಮಿಂದು ಬಟ್ಟೆ ಒಗೆದು ಹಾಕಿದರೆ ಮಧ್ಯಾಹ್ನ. ಅಡಿಗೆಯವರ ಕುಚ್ಚಲಕ್ಕಿ ಅನ್ನ, ಸಾರು. ಆಮೇಲೆ ಸ್ವಲ್ಪ ಹರಟೆ. ಸಣ್ಣ ವೇಷದ ಹುಡುಗರು ಹಿರಿಯರ ಹತ್ತಿರ ಕೂತು ಅರ್ಥ ಕೇಳಿಸಿಕೊಳ್ಳುವುದೂ ಆಗಲೇ. ಯಕ್ಷಗಾನಕ್ಕೆ ಈಗ ಶಾಲೆ, ಕೇಂದ್ರಗಳಿವೆ, ಒಳ್ಳೆಯದೇ. ಆದರೆ ಹಿಂದಿನ ತಲೆಮಾರಿನ ದೊಡ್ಡ ಶಾಲೆ ಈ ಚೌಕಿ. ಇವತ್ತು ರಾತ್ರಿ ಹಿರಿಯರು ಆಡಿದ ಮಾತನ್ನು ನಾಳೆ ಮಧ್ಯಾಹ್ನ ಅವರನ್ನೇ ಕೇಳಿ ತಿದ್ದಿಕೊಳ್ಳಬಹುದು. ಅದೇ ಪ್ರಸಂಗವನ್ನು ಹತ್ತಾರು ಸಲ, ಹತ್ತಾರು ಊರಲ್ಲಿ ನೋಡಬಹುದು. ಅಂಥ ಅಭ್ಯಾಸ ಬೇರೆಲ್ಲಿ ಸಿಕ್ಕೀತು?

ಬೈಗಾದರೆ ‘ಕೇಳಿ’ ಹೊಡೆಯುತ್ತಾರೆ. ಚಂಡೆ, ಮದ್ದಲೆ ಕೂಡಿ ನುಡಿದು ಸುತ್ತಲ ಊರಿಗೆ ಆಟದ ಸುದ್ದಿ ಮುಟ್ಟಿಸುವ ಕ್ರಮ. ಅಷ್ಟರಲ್ಲಿ ಗೇಟಿನ ಹೊರಗೆ ಇನ್ನೊಂದು ಪೇಟೆ ತೆರೆದಿರುತ್ತದೆ. ಚುರುಮುರಿ, ಗೋಳಿಬಜೆ, ಹುರಿದ ಶೇಂಗಾ, ಚಾ. ಇವರಲ್ಲೂ ಕೆಲವರು ಮೇಳದ ಬೆನ್ನಿಗೇ ಬರುವವರು. ಅವರ ಹೆಸರು ಯಾವ ಕರಪತ್ರದಲ್ಲೂ ಇರದಿದ್ದರೂ ಅವರದೂ ತಿರುಗಾಟವೇ.

ಚೌಕಿಯಲ್ಲಿ ಗಣಪತಿಗೆ ಪೂಜೆ ಆಗಿ, ಸಾಲಾಗಿ ಕೂತು ಬಣ್ಣ ಹಚ್ಚುವುದು ಶುರು. ಯಾರು ಎಲ್ಲಿ ಕೂರಬೇಕು ಎಂಬುದಕ್ಕೆ ಕ್ರಮವಿದೆ. ಊರು ದಿನಾ ಬದಲಾದರೂ ಚೌಕಿಯೊಳಗಿನ ಜಾಗ ಬದಲಾಗುವುದಿಲ್ಲ.

> ಪೆಟ್ಟಿಗೆಯೊಳಗೆ
>
> ಕಿರೀಟ, ಭುಜಕೀರ್ತಿಗಳು ಹಗುರ ಮರದಲ್ಲಿ ಕೆತ್ತಿ, ಬಂಗಾರದ ಬಣ್ಣದ ಬೇಗಡೆ ಅಂಟಿಸಿ, ಕನ್ನಡಿ ಚೂರು ಕೂರಿಸಿದವು. ಹೊಡೆತ ತಾಳುವುದಿಲ್ಲ, ಇಡುವ ಕ್ರಮ ತಪ್ಪುವಂತಿಲ್ಲ.
>
> ಬಡಗುತಿಟ್ಟಿನ ಮುಂಡಾಸನ್ನು ತಲೆಯ ಮೇಲೆ ಬಟ್ಟೆ ಸುತ್ತಿ ಸುತ್ತಿ ಪ್ರತಿ ರಾತ್ರಿ ಹೊಸದಾಗಿಯೇ ಕಟ್ಟಬೇಕು.
>
> ಬಣ್ಣಕ್ಕೆ ಸಫೇತ, ಇಂಗಳೀಕ, ಅರದಳ, ಕಾಡಿಗೆ. ತೆಗೆಯಲು ತೆಂಗಿನೆಣ್ಣೆ.

ಕಾಳಿಂಗ ನಾವಡರ ಕಾಲ

ಈ ತಿರುಗಾಟ ಒಬ್ಬ ಕಲಾವಿದನನ್ನು ಎಷ್ಟು ದೂರಕ್ಕೆ ಒಯ್ಯಬಲ್ಲದು ಎಂಬುದಕ್ಕೆ ಗುಂಡ್ಮಿ ಕಾಳಿಂಗ ನಾವಡರೇ ಸಾಕ್ಷಿ. ಗುಂಡ್ಮಿ ಎಂದರೆ ಸಾಲಿಗ್ರಾಮದ ಮಗ್ಗುಲು. ಅವರು ಹುಟ್ಟಿದ್ದು 1958ರಲ್ಲಿ; ತಂದೆ ರಾಮಚಂದ್ರ ನಾವಡರೂ ಭಾಗವತರು. ಪದ್ಯ ಕಲಿಸಿದ ಗುರು ನಾರಣಪ್ಪ ಉಪ್ಪೂರರು. ಸಾಲಿಗ್ರಾಮ ಮೇಳದ ಭಾಗವತರಾಗಿ ನಾವಡರು ಕುಳಿತ ವರ್ಷಗಳಲ್ಲಿ ವೇಷ ಯಾರದು ಎಂದು ಕೇಳುವ ಮೊದಲು ‘ನಾವಡ್ರ್ ಇದ್ರಾ?’ ಎಂದು ಕೇಳಿ ಜನ ಟಿಕೆಟು ಕೊಳ್ಳುತ್ತಿದ್ದರು.

ಆ ಕಂಠ ಕ್ಯಾಸೆಟ್ಟಿಗೂ ಏರಿತು. ಘಟ್ಟದ ಮೇಲೆ ರಾತ್ರಿ ಅಡಿಕೆ ಸುಲಿಯುವ ಚಪ್ಪರದಲ್ಲಿ ಟೇಪ್‌ರೆಕಾರ್ಡರ್ ಇಟ್ಟು ನಾವಡರ ಪದ್ಯ ಹಾಕುವುದು ರೂಢಿಯಾಯಿತು. ಅವರೇ ರಚಿಸಿದ ‘ನಾಗಶ್ರೀ’ ಪ್ರಸಂಗ ಇಂದಿಗೂ ರಂಗದಲ್ಲಿದೆ. ಹೊಸ ಪ್ರಸಂಗ ಡೇರೆ ಮೇಳಗಳ ಜೀವಾಳ. ಟಿಕೆಟು ಕೊಂಡು ಬರುವವನಿಗೆ ಹೋದ ವರ್ಷ ನೋಡಿದ್ದನ್ನೇ ತೋರಿಸಲಾಗದು. ಕಂದಾವರ ರಘುರಾಮ ಶೆಟ್ಟರಂಥ ಪ್ರಸಂಗಕರ್ತರು ಜನಪ್ರಿಯರಾದದ್ದು ಈ ಒತ್ತಡದಿಂದಲೇ. ಪುರಾಣ ಬಿಟ್ಟು ಕಲ್ಪಿತ ಕತೆಗೆ ಹೋದರೆಂದು ಪಂಡಿತರು ಮುನಿದರು. ನನಗೆ ಆ ಮುನಿಸು ಅರ್ಧ ಸರಿ ಎನಿಸುತ್ತದೆ. ಒಂದು ಹಂಗಾಮಿಗೆ ಹುಟ್ಟಿ ಮರೆತುಹೋದ ಪ್ರಸಂಗಗಳೇ ಹೆಚ್ಚು, ನಿಜ. ಆದರೆ ಗೇಟಿನ ಹಣದಲ್ಲೇ ಐವತ್ತು ಮನೆಯ ಒಲೆ ಉರಿಯಬೇಕಾದಾಗ ಹೊಸತನ್ನು ಹುಡುಕುವುದು ಬೇಜವಾಬ್ದಾರಿಯಲ್ಲ.

1990ರ ಮೇ ತಿಂಗಳಲ್ಲಿ, ತಿರುಗಾಟ ಮುಗಿಯುವ ಹೊತ್ತಿಗೆ, ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಮೂವತ್ತರ ಆಸುಪಾಸಿನ ಹರೆಯ. ಕರಾವಳಿ, ಮಲೆನಾಡು ಎರಡೂ ಕಡೆ ಜನ ಮನೆಯವರನ್ನೇ ಕಳೆದುಕೊಂಡಂತೆ ಅತ್ತರು.

ರಸ್ತೆ ಅಂದೂ ಇಂದೂ ಈ ವೃತ್ತಿಯ ದೊಡ್ಡ ಭಯ. ಈಗ ಬಹಳ ಕಲಾವಿದರು ಮೇಳದ ಬಸ್ಸಿನಲ್ಲಿ ಉಳಿಯುವುದಿಲ್ಲ. ಆಟ ಮುಗಿದರೆ ಬೈಕು ಹತ್ತಿ ಮನೆಗೆ ಹೊರಡುತ್ತಾರೆ. ಮನೆಯಲ್ಲಿ ಮಲಗುವ ಆಸೆ ಯಾರಿಗಿಲ್ಲ? ಹೆಂಡತಿ ಮಕ್ಕಳ ಮುಖ ಆರು ತಿಂಗಳು ನೋಡದೆ ಇರಬೇಕಾಗಿದ್ದ ಹಿಂದಿನ ಕಾಲವನ್ನು ಹೊಗಳುವುದು ಕ್ರೌರ್ಯವೇ ಸರಿ. ಆದರೆ ರಾತ್ರಿಯಿಡೀ ಕುಣಿದ ಮೈ, ಬೆಳಗಿನ ಜಾವದ ಹೆದ್ದಾರಿ, ಎದುರಿಗೆ ಲಾರಿ. ಆ ನಿದ್ದೆಗಣ್ಣಿನ ಸವಾರಿ ನೆನೆದರೆ ಎದೆ ನಡುಗುತ್ತದೆ.

ಮುಂಗಡದ ಲೆಕ್ಕ

ಹಂಗಾಮಿನ ದುಡಿಮೆಗೆ ಹಂಗಾಮಿನದೇ ಹಣಕಾಸು. ಮಳೆಗಾಲದಲ್ಲಿ ಮಕ್ಕಳ ಶಾಲೆ, ನಟ್ಟಿಯ ಕೂಲಿ, ಸೋರುವ ಮಾಡು ಎಲ್ಲ ಒಟ್ಟಿಗೆ ಬರುವಾಗ ಕಲಾವಿದನಿಗೆ ಆಟದ ಸಂಪಾದನೆ ಇರುವುದಿಲ್ಲ. ಆಗ ಯಜಮಾನರು ಮುಂಗಡ ಕೊಡುತ್ತಾರೆ. ಬರುವ ತಿರುಗಾಟಕ್ಕೆ ಕಲಾವಿದ ಆ ಮೇಳದವನಾಗುತ್ತಾನೆ. ಹೆಸರಾದ ವೇಷಧಾರಿಯನ್ನು ಇನ್ನೊಂದು ಮೇಳ ಎಳೆದುಕೊಂಡಿತೆಂಬ ಸುದ್ದಿ ಕುಂದಾಪುರದ ಹೋಟೆಲುಗಳಲ್ಲಿ ಚುನಾವಣೆಯಷ್ಟೇ ಬಿಸಿಯಾಗಿ ಚರ್ಚೆಯಾಗುವುದು ಈ ದಿನಗಳಲ್ಲಿ.

ಮೇಳದ ಕಡೆಯ ಲೆಕ್ಕವೂ ಸುಲಭವಲ್ಲ. ದಿನವೂ ಗೇಟನ್ನೇ ನಂಬಿದರೆ ಒಂದು ಅಕಾಲ ಮಳೆ ಸಾಕು, ಸಂಜೆಯ ಸಂಪಾದನೆ ಸೊನ್ನೆ. ಹಾಗಾಗಿ ಕಂಟ್ರಾಕ್ಟ್ ಆಟ ಬಂತು: ಊರಿನ ಯುವಕ ಮಂಡಲವೋ ಶಾಲಾಭಿವೃದ್ಧಿಯವರೋ ಇಡೀ ಆಟವನ್ನು ಗೊತ್ತು ಮಾಡಿದ ಮೊತ್ತಕ್ಕೆ ಹಿಡಿದು, ಟಿಕೆಟು ಮಾರಿ, ಉಳಿದದ್ದನ್ನು ಊರಿನ ಕೆಲಸಕ್ಕೆ ಬಳಸುವುದು. ಕರಾವಳಿಯ ಎಷ್ಟೋ ಶಾಲೆಯ ಕೋಣೆ, ದೇವಸ್ಥಾನದ ಸುತ್ತುಪೌಳಿಗಳ ಹಿಂದೆ ಇಂಥ ಸಹಾಯಾರ್ಥ ಆಟಗಳಿವೆ.

2020ರ ಮಾರ್ಚ್‌ನಲ್ಲಿ ತಿರುಗಾಟ ನಡುದಾರಿಯಲ್ಲೇ ನಿಂತಿತು. ಲಾಕ್‌ಡೌನ್. ಹಂಗಾಮಿನ ಕೊನೆಯ ಎರಡು ತಿಂಗಳು ಸಂಪಾದನೆ ಇಲ್ಲ, ಮುಂದೆ ಮಳೆಗಾಲ. ಹಂಗಾಮು ನಂಬಿದವರ ಬದುಕು ಎಷ್ಟು ತೆಳು ಎಂಬುದು ಅಂದು ಎಲ್ಲರ ಕಣ್ಣಿಗೂ ಬಿತ್ತು. 1975ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗ ವೃತ್ತಿಕಲಾವಿದರಿಗಾಗಿಯೇ ‘ಯಕ್ಷನಿಧಿ’ ಕಟ್ಟಿದೆ. 2015ರಲ್ಲಿ ಶುರುವಾದ ಪಟ್ಲ ಫೌಂಡೇಶನ್ ಕೂಡ ಕಲಾವಿದರ ಕಷ್ಟಕ್ಕೆ ಒದಗುತ್ತಿದೆ. ಕಲಾಭಿಮಾನಿಗಳು ತಾವೇ ಕಟ್ಟಿಕೊಂಡ ಇಂಥ ಆಸರೆ ಬೇರೆ ಕಡೆ ಅಪರೂಪ.

> ಅಸ್ಸಾಮಿನ ದಾಯಾದಿಗಳು
>
> ಡೇರೆ ಮೇಳಕ್ಕೆ ದೇಶದಲ್ಲಿ ಹತ್ತಿರದ ಸಂಬಂಧಿ ಎಂದರೆ ಅಸ್ಸಾಮಿನ ಭ್ರಾಮ್ಯಮಾಣ ಥಿಯೇಟರ್. 1963ರಲ್ಲಿ ಪಾಠಶಾಲಾ ಎಂಬ ಊರಿನಲ್ಲಿ ಅಚ್ಯುತ ಲಹ್ಕರ್ ‘ನಟರಾಜ ಥಿಯೇಟರ್’ ಕಟ್ಟಿದರು. ಅಲ್ಲಿಯೂ ಲಾರಿ, ಡೇರೆ, ಹಂಗಾಮು, ವರ್ಷಕ್ಕೆ ಹೊಸ ನಾಟಕ.

ಅರ್ಧರಾತ್ರಿಗೆ ಮುಗಿಯುವ ಆಟ

ತಿರುಗಾಟದ ಮೈಕಟ್ಟು ಈಗ ಬೇಗ ಬೇಗ ಬದಲಾಗುತ್ತಿದೆ. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಧ್ವನಿವರ್ಧಕಕ್ಕೆ ಕಡಿವಾಣ ಹಾಕುವ 2000ದ ಶಬ್ದಮಾಲಿನ್ಯ ನಿಯಮ ಒಂದು ಕಾರಣ. ಮರುದಿನ ಎಂಟಕ್ಕೆ ಕಚೇರಿ ಸೇರಬೇಕಾದ ಪ್ರೇಕ್ಷಕ ಇನ್ನೊಂದು. ಕಾಲಮಿತಿ ಆಟಗಳು ಹೆಚ್ಚಿದವು. ಬೆಳಗಿನ ಜಾವದ ಏರುಪದ್ಯ, ಆಮೇಲೆ ಬರುವ ಬಣ್ಣದ ವೇಷದ ಅಬ್ಬರ, ನಿಧಾನವಾಗಿ ಕಟ್ಟುತ್ತ ಹೋಗುವ ಒಡ್ಡೋಲಗ, ಇವಕ್ಕೆಲ್ಲ ಕತ್ತರಿ ಬಿತ್ತೆಂದು ರಸಿಕರು ಕೊರಗುತ್ತಾರೆ. ಕೊರಗು ನ್ಯಾಯವಾದದ್ದೇ. ಆದರೆ ನಡುರಾತ್ರಿಗೆ ಆಟ ಮುಗಿದರೆ ಡೇರೆಯವನಿಗೂ ಭಾಗವತರಿಗೂ ಮೂರು ಗಂಟೆ ನಿದ್ದೆ ಹೆಚ್ಚು ಸಿಗುತ್ತದೆ. ನಾನು ಆ ಮೂರು ಗಂಟೆಯ ಪರ.

ಗದ್ದೆಗಳೂ ಕಡಿಮೆಯಾಗುತ್ತಿವೆ. ಹೆದ್ದಾರಿಯ ಇಕ್ಕೆಲದ ಬೈಲು ಸೈಟುಗಳಾಗಿವೆ. ಉಳಿದ ಕೆಲವು ಬೇಸಾಯವಿಲ್ಲದೆ ಹಡೀಲು ಬಿದ್ದಿವೆ. ಕೊಯ್ಲಿಗೆ ಯಂತ್ರ ಬರುತ್ತದೆ, ಭತ್ತ ಗದ್ದೆಯಿಂದಲೇ ಗಾಡಿ ಹತ್ತುತ್ತದೆ, ಕೊಯ್ದವರು ಕೂಡಿ ಕೂತು ‘ಆಟ ಇಡಿಸುವ’ ಎನ್ನುವ ಸಂಜೆಗಳು ತಪ್ಪಿವೆ. ಆದರೂ ಹರಕೆಯ ಪಟ್ಟಿ ಕರಗಿಲ್ಲ. 1975ರಿಂದ ನಡೆದುಬಂದ ಸಾಲಿಗ್ರಾಮ ಮಕ್ಕಳ ಮೇಳದಂಥ ಕಡೆ ಗೆಜ್ಜೆ ಕಟ್ಟುವ ಮಕ್ಕಳಿಗೂ ಕೊರತೆಯಿಲ್ಲ. 2012ರಲ್ಲಿ ವೇಷಧಾರಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ಪದ್ಮಶ್ರೀ ಬಂದಾಗ ಈ ರಂಗಸ್ಥಳಕ್ಕೇ ಬಂದಂತೆ ಇಡೀ ಬಡಗು ಸಂಭ್ರಮಿಸಿತ್ತು.

ಕಲೆ ಉಳಿಯುತ್ತದೆಯೇ ಎಂಬ ಪ್ರಶ್ನೆಗಿಂತ ನನ್ನನ್ನು ಕಾಡುವುದು ಅದನ್ನು ಹೊತ್ತು ತಿರುಗುವವರ ಪಾಡು. ವೇಷಧಾರಿಗೆ ಸನ್ಮಾನವಿದೆ, ಶಾಲು ಇದೆ, ಈಗೀಗ ವಿಮೆ, ನಿಧಿಗಳೂ ಇವೆ. ಗೂಟ ಹೊಡೆಯುವವನಿಗೆ, ಪೆಟ್ಟಿಗೆ ಕಟ್ಟುವವನಿಗೆ, ಲಾರಿ ಓಡಿಸುವವನಿಗೆ, ಐವತ್ತು ಜನಕ್ಕೆ ಅನ್ನ ಬೇಯಿಸುವವನಿಗೆ ಅವು ಎಷ್ಟು ಮುಟ್ಟುತ್ತಿವೆ ಎಂದು ನೋಡುವ ಕೆಲಸ ನಮ್ಮದು.

ಈ ವರ್ಷ ಆಟ ಆಡಿಸುವವರಲ್ಲಿ ಮೂರು ಬೇಡಿಕೆ ಇಡುತ್ತೇನೆ. ಬಂದವರು ಹಗಲು ಮಲಗಲು ಫ್ಯಾನಿರುವ ಒಂದು ಕೋಣೆ ಬಿಟ್ಟುಕೊಡಿ; ಶಾಲೆಯಾದರೆ ಶೌಚಾಲಯದ ಬೀಗ ತೆಗೆಸಿ. ಆಟ ಮುಗಿದ ಕೂಡಲೇ ಬೈಕು ಹತ್ತುವವರನ್ನು ತಡೆದು, ಬೆಳಕು ಹರಿಯುವ ತನಕ ಅಲ್ಲೇ ಮಲಗಲು ಹೇಳಿ. ಮತ್ತೆ, ಕರಪತ್ರದಲ್ಲಿ ಭಾಗವತರು, ಚಂಡೆ, ಮದ್ದಲೆ, ವೇಷಧಾರಿಗಳ ಹೆಸರಿನ ಕೆಳಗೆ ಇನ್ನೂ ಎರಡು ಸಾಲು ಜಾಗ ಇರುತ್ತದಲ್ಲ, ಅಲ್ಲಿ ಡೇರೆಯವರ ಮತ್ತು ಅಡಿಗೆಯವರ ಹೆಸರನ್ನೂ ಅಚ್ಚು ಹಾಕಿಸಿ.